ಆಕಾಶವಾಣಿಯೂ ಅಪ್ರಚಲಿತ ರಾಗಗಳೂ

ಸಂಗೀತವು ಕಿವಿಯಿಂದ ಕಿವಿಗೆ ದಾಟಿ ಬಂದ ವಿದ್ಯೆಯು. ಗ್ರಂಥದಲ್ಲಿ ರಾಗದ ಲಕ್ಷಣವನ್ನು ಬರೆದಿಡಬಹುದಲ್ಲದೆ ಅದರ ಜೀವಕಳೆಯನ್ನು ಬರೆದಿಡಲು ಬಾರದು. ಆದುದರಿಂದ ಹಾಡುವವರು ವಿರಳರಾದ ರಾಗವು ಪುಸ್ತಕದಲ್ಲಿದ್ದರೂ ಲೋಕದ ಪಾಲಿಗೆ ಇಲ್ಲದಂತೆಯೇ ಸರಿ. ಇಂಥ ಅಪೂರ್ವ ರಾಗಗಳನ್ನು ಸಾಮಾನ್ಯ ಜನರ ಮನೆಬಾಗಿಲಿಗೆ ತಂದ ಕೀರ್ತಿಯು ಬಹುಮಟ್ಟಿಗೆ ರೇಡಿಯೋಕ್ಕೆ ಸಲ್ಲತಕ್ಕದ್ದು. ಆ ಚರಿತ್ರೆಯನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡುವದೇ ಈ ಲೇಖನದ ಉದ್ದೇಶವಾಗಿರುವದು.

ಹಿಂದೂಸ್ತಾನಿ ಪದ್ಧತಿಯಲ್ಲಿ ವಿದ್ಯೆಯು ಬಹುಕಾಲ ಘರಾಣೆಗಳ ಸ್ವತ್ತಾಗಿತ್ತು. ಜಯಪುರ-ಅತ್ರೌಲಿ ಘರಾಣೆಯ ಮೂಲಪುರುಷರಾದ ಅಲ್ಲಾದಿಯಾ ಖಾನರು ಕೊಲ್ಲಾಪುರದ ಶಾಹೂ ಮಹಾರಾಜರ ಆಸ್ಥಾನಗಾಯಕರಾಗಿದ್ದು, 1922ರಲ್ಲಿ ಮಹಾರಾಜರು ತೀರಿಕೊಂಡ ತರುವಾಯ ಮುಂಬಯಿಯಲ್ಲಿ ನೆಲೆಸಿ, 1946ರಲ್ಲಿ ದಿವಂಗತರಾದರು. ಅವರ ಗಾಯನವು ಅಪ್ರಚಲಿತ ರಾಗಗಳಿಗೆ ಆಗರವಾಗಿತ್ತು. ಆದರೆ ಅವರ ಕಂಠದ ಒಂದು ಧ್ವನಿಮುದ್ರಿಕೆಯಾದರೂ ನಮಗೆ ಉಳಿದು ಬಂದಿಲ್ಲ. ಆ ಕಾಲದ ಗ್ರಾಮೋಫೋನ್ ತಟ್ಟೆಯು ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ ನುಡಿಯುತ್ತಿತ್ತು. ಅರಿಯದ ರಾಗವನ್ನು ಕೇಳುಗನು ಗುರುತು ಹಿಡಿಯುವಷ್ಟರಲ್ಲಿಯೇ ಹಾಡು ಮುಗಿದು ಹೋಗುತ್ತಿತ್ತು.

ಈ ಕೊರತೆಯನ್ನು ತುಂಬುವ ಸಾಧನವು ಮೆಲ್ಲಮೆಲ್ಲನೆ ಬೆಳೆದು ಬಂದಿತು. ಮುಂಬಯಿ, ಕಲಕತ್ತೆಗಳಲ್ಲಿ 1927ರಲ್ಲಿ ಬಾನುಲಿ ಕೇಂದ್ರಗಳು ಹುಟ್ಟಿದವು. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಪ್ರಸಾರಯಂತ್ರವನ್ನು ಹೂಡಿದರು. ಅಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಸಂದಿತು. 1950ನೆಯ ಜನವರಿ 8ರಂದು ಧಾರವಾಡದ ಕೇಂದ್ರವು ಆರಂಭವಾಯಿತು. 1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವು ಮೊದಲಾಗಿ, ಶನಿವಾರ ರಾತ್ರಿ ದೊಡ್ಡ ಗವಾಯಿಗಳ ವಿಸ್ತಾರವಾದ ಗಾಯನವು ಹಳ್ಳಿಯ ರೈತನಿಗೂ ಕೇಳಬರುವಂತಾಯಿತು. ಹಾಡಿಕೆಗೆ ಮುಂಚೆ ರಾಗದ ಹೆಸರನ್ನು ಸಾರುತ್ತಿದ್ದುದರಿಂದ, ಕೇಳುಗನಿಗೆ ನಾದದೊಡನೆ ನಾಮವೂ ಲಭಿಸಿತು.

ಧಾರವಾಡ ಸಮೀಪದ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಪಂಡಿತ ಮಲ್ಲಿಕಾರ್ಜುನ ಮನಸೂರರು ಈ ಸಂಬಂಧದಲ್ಲಿ ವಿಶೇಷವಾಗಿ ಸ್ಮರಣೀಯರು. ಅವರು ಮೊದಲು ಮಿರಜದ ನೀಲಕಂಠಬುವಾ ಆಲೂರಮಠರಲ್ಲಿಯೂ, ತರುವಾಯ ಅಲ್ಲಾದಿಯಾ ಖಾನರ ಪುತ್ರರಾದ ಮಂಜೀಖಾನ, ಭೂರ್ಜಿಖಾನರಲ್ಲಿಯೂ ಕಲಿತರು. ಧಾರವಾಡ ಆಕಾಶವಾಣಿಗೆ ಸಂಗೀತದ ಸಲಹೆಗಾರರೂ ಆಗಿದ್ದರು. ಖಟ್, ಲಾಜವಂತಿ, ಶಿವಮತ ಭೈರವ, ಏಕನಿಷಾದ ಬಿಹಾಗಡಾ ಮುಂತಾದ ವಿರಳ ರಾಗಗಳು ಅವರ ಕಂಠದಲ್ಲಿ ನೆಲೆಗೊಂಡಿದ್ದವು. ಮಾಲಕಂಸವು ರಿಷಭ ಪಂಚಮಗಳಿಲ್ಲದ ಐದು ಸ್ವರಗಳ ರಾಗವೆಂದು ಎಲ್ಲರೂ ಬಲ್ಲರು. ಅವರು ಸಂಪೂರ್ಣ ಮಾಲಕಂಸವನ್ನು ಹಾಡುವಾಗಲಾದರೋ ಆ ಎರಡೂ ಸ್ವರಗಳು ಬಂದು ಸೇರುವವು. ಪರಿಚಿತ ರಾಗದ ಗಾಂಭೀರ್ಯವು ಅಳಿಯದೆ ಹೊಸ ಕಾಂತಿಯೊಂದು ಮೂಡುವದು. ಅಂಥ ಗಾಯನವನ್ನು ಕೇಳಿದ ಮೇಲೆ, ತಾನು ಬಲ್ಲ ಹತ್ತೆಂಟು ರಾಗಗಳೇ ಸಂಗೀತವೆಂಬ ಭಾವನೆಯು ನಿಲ್ಲುವದೆಂತು?

ಆದರೂ ಬಾನುಲಿಗೆ ಅದರದೇ ಆದ ಮೇರೆಯುಂಟು. ಅದು ಪರಿಚಯವನ್ನು ಮಾಡಿಕೊಡುವದು. ವಿದ್ಯೆಯನ್ನು ಕೈವಶ ಮಾಡಿಕೊಳ್ಳಲು ಗುರುಮುಖವೇ ಬೇಕು. ಮನಸೂರರಿಗೂ ಆ ರಾಗಗಳು ಗುರುಸನ್ನಿಧಿಯಲ್ಲಿಯೇ ದೊರೆತವು. ಪ್ರಸಾರವಾದ ನಾದವು ಮುದ್ರಿತವಾಗದಿದ್ದರೆ ಗಾಳಿಯಲ್ಲಿಯೇ ಲಯವಾಗುವದು. 1992ರಲ್ಲಿ ಅವರು ಲಿಂಗೈಕ್ಯರಾದ ಬಳಿಕವೂ ಅವರ ಸ್ವರವು ನಮಗೆ ಕೇಳಬರುತ್ತಿರುವದು ಧ್ವನಿಮುದ್ರಣಗಳ ಉಪಕಾರದಿಂದಲೇ. 2016ನೆಯ ಜನವರಿ 26ರಂದು ‘ರಾಗಂ’ ಎಂಬ, ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ಆಕಾಶವಾಣಿಯ ವಾಹಿನಿಯು ಬೆಂಗಳೂರಿನಿಂದ ಮೊದಲಾದುದು ಈ ಪರಂಪರೆಯ ಮುಂದಿನ ಹೆಜ್ಜೆಯು.

ಮನಸೂರರನ್ನು ವಚನಗಾಯನದಿಂದ ಮಾತ್ರ ಬಲ್ಲ ಭಕ್ತಬಂಧುಗಳು ಅನೇಕರಿರುವರು. ಅವರು ಒಂದು ಹೆಜ್ಜೆ ಮುಂದಿಟ್ಟು, ಹೆಸರು ಕೇಳದ ರಾಗವು ಬಂದಾಗ ಬೇಸತ್ತು ನಿಲ್ಲಿಸದೆ, ಕೊನೆಯವರೆಗೆ ಕಿವಿಗೊಡಬೇಕೆಂದು ಬಿನ್ನಹವು. ಹಾಡುವವನಿಂದ ರಾಗವು ಹುಟ್ಟುವದು ನಿಜ. ಆದರೆ ಕೇಳುವವನಿದ್ದರೆ ಮಾತ್ರ ಅದು ಬಾಳುವದು.