ಕಾವೇರಿಯ ಬಿಳಿಮೀನಿನ ಕುಲನಿರ್ಣಯ

ಮತ್ಸ್ಯಗಳ ಜಾತಿಭೇದವನ್ನು ವಿವೇಚಿಸುವುದೂ ಅವುಗಳ ವಧೆಗೆ ಮಿತಿಯನ್ನು ಕಲ್ಪಿಸುವುದೂ ಭರತಖಂಡದಲ್ಲಿ ನೂತನವಾದ ವಿಷಯಗಳಲ್ಲ. ಅಶೋಕನ ಐದನೆಯ ಸ್ತಂಭಶಾಸನವು ಚಾತುರ್ಮಾಸ್ಯದ ಹುಣ್ಣಿಮೆಗಳೇ ಮೊದಲಾದ ದಿನಗಳಲ್ಲಿ ಮೀನನ್ನು ಕೊಲ್ಲಲೂ ಮಾರಲೂ ಕೂಡದೆಂದು ವಿಧಿಸಿರುವುದು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಇಲ್ಲದವು ಎಂಬ ವಿಭಾಗಗಳುಂಟು. ಆದರೆ ಇವೆಲ್ಲವೂ ರೂಪವನ್ನೂ ವಾಸಸ್ಥಾನವನ್ನೂ ಅವಲಂಬಿಸಿದವು. ಕುಲವನ್ನರಿಯದೆ ಮಾಡಿದ ರಕ್ಷಣೆಯು ಎಂತಹ ಫಲವನ್ನು ಕೊಡುವುದೆಂಬುದಕ್ಕೆ ಕಾವೇರಿಯ ಬಿಳಿಮೀನೇ ನಿದರ್ಶನವಾಗಿದೆ.

ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ದೊಡ್ಡಬಳ್ಳಾಪುರದ ಕೆರೆಯನ್ನು ತುಂಬಿ, ಹೆಸರಘಟ್ಟದ ಮೂಲಕ ಹರಿದು, ಶಿವಗಂಗೆಯಲ್ಲಿ ಹುಟ್ಟಿ ನೆಲಮಂಗಲದ ಸೀಮೆಯನ್ನು ಹಾಯ್ದು ಬರುವ ಕುಮುದ್ವತಿಯನ್ನು ತಿಪ್ಪಗೊಂಡನಹಳ್ಳಿಯ ಬಳಿ ಕೂಡಿಕೊಂಡು, ಕಡೆಗೆ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ಆ ಸಂಗಮದ ಆಸುಪಾಸಿನ ಭೀಮೇಶ್ವರಿ, ಗಾಳಿಬೋರೆಗಳ ಮಡುಗಳು ಡುಬ್ಬಬೆನ್ನಿನ, ಕಿತ್ತಳೆ ವರ್ಣದ ಈಜುರೆಕ್ಕೆಗಳ ಬಿಳಿಮೀನಿಗೆ ಪ್ರಸಿದ್ಧವಾದವು. ಇದರ ಗಾತ್ರವು ಅಸಾಧಾರಣವಾದುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಹಾಕಿ ಹಿಡಿದ ಮೀನು 120 ಪೌಂಡು ತೂಗಿತು.

ಸಿಡಿಮದ್ದಿನಿಂದ ಮೀನು ಕೊಲ್ಲುವ ದುರಭ್ಯಾಸವು ಹೆಚ್ಚಿದಾಗ, 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿರಿಸಿತು. ಅದೇ ದಶಕದಲ್ಲಿ ಲೋಣಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಉದ್ದೇಶವು ಸಾಧುವಾದುದೇ. ಆದರೆ ಆ ಮರಿಗಳು ನೀಲಿ ರೆಕ್ಕೆಯ ಬೇರೊಂದು ಕುಲದವು. ಸೈಕ್ಸನು 1839ರಲ್ಲಿ ಪುಣೆಯ ಬಳಿಯ, ಕೃಷ್ಣೆಯ ಜಲಾನಯನಕ್ಕೆ ಸೇರಿದ ನದಿಯ ಮೀನಿಗೆ ‘ಖುದ್ರೀ’ ಎಂದು ಹೆಸರಿಟ್ಟ ಜಾತಿಯವು. ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಗಳನ್ನು ಪರಿಶೀಲಿಸಿದಾಗ, ಸಿಕ್ಕ ಮೀನುಗಳ ಒಟ್ಟು ಸಂಖ್ಯೆಯು ಏರಿದುದೂ, ಡುಬ್ಬಬೆನ್ನಿನವು ಮಾತ್ರ ಇಳಿಯುತ್ತ ಬಂದುದೂ ಕಂಡುಬಂದಿತು. ಸಂಖ್ಯಾವೃದ್ಧಿಯೇ ಮೂಲಕುಲದ ಕ್ಷಯವನ್ನು ಮರೆಮಾಡಿದ್ದಿತು.

ಇಷ್ಟಾದರೂ ಕ್ಷೀಣಿಸುತ್ತಿದ್ದ ಈ ಮೀನಿಗೆ ಶಾಸ್ತ್ರದಲ್ಲಿ ನಿಶ್ಚಿತವಾದ ಹೆಸರೇ ಇರಲಿಲ್ಲ. ಬಹುಕಾಲ ಇದಕ್ಕೆ ‘ಮುಸ್ಸುಲ್ಲಾ’ ಎಂಬ ಹೆಸರು ಸಲ್ಲುತ್ತಿದ್ದಿತು. ಆ ಹೆಸರಾದರೋ ಅನ್ಯಗಣದ ಮೀನೊಂದಕ್ಕೆ ಸೇರಿದ್ದು. ತಾಯಿಯಿಂದಲೇ ಸಂತತಿಗೆ ಇಳಿದುಬರುವ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನೂ ಅಂಗಲಕ್ಷಣಗಳನ್ನೂ ಪರೀಕ್ಷಿಸಿದ ವಿದ್ವಾಂಸರು 2018ರಲ್ಲಿ, ಕೇರಳದ ಪಾಂಬಾರಿನಿಂದ 2007ರಲ್ಲಿ ವರ್ಣಿತವಾದ ‘ಟಾರ್ ರೆಮಾದೇವಿಯೈ’ ಎಂಬ ಮೀನೂ ಇದೂ ಒಂದೇ ಎಂದು ನಿರ್ಣಯಿಸಿದರು. ಪಾಂಬಾರು ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುವ ಹೊಳೆಯಾದ್ದರಿಂದ ಈ ನಿರ್ಣಯವು ಭೂಗೋಳಕ್ಕೂ ಹೊಂದುವುದು. ಹೆಸರು ಸ್ಥಿರವಾದ ಆ ವರ್ಷದಲ್ಲಿಯೇ ಅಂತರರಾಷ್ಟ್ರೀಯ ಪ್ರಕೃತಿಸಂರಕ್ಷಣ ಒಕ್ಕೂಟದ ಪಟ್ಟಿಯಲ್ಲಿ ಇದು ಅತ್ಯಂತ ಅಪಾಯಕ್ಕೊಳಗಾದ ಜಾತಿಯೆಂದು ಸೇರಿತು. ನಾಮಕರಣವೂ ಪ್ರಾಣಸಂಕಟದ ಘೋಷಣೆಯೂ ಒಟ್ಟಿಗೆ ನಡೆದಂತಾಯಿತು.

ಹೊಸಕೋಟೆ, ದೇವನಹಳ್ಳಿಗಳ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳೂ ಗಂಗಾನದಿಯ ಕಡೆಯಿಂದ ತರಲ್ಪಟ್ಟ ಕುಲಗಳೇ. ಅವುಗಳಿಂದ ಜೀವನೋಪಾಯವುಂಟು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೆರೆಯ ನ್ಯಾಯವು ನದಿಗೆ ಸಲ್ಲದು. ಕೆರೆಯು ಮನುಷ್ಯನು ಕಟ್ಟಿದುದು. ಅದರ ಮೀನು ತೀರಿದರೆ ಬೇರೆಯದನ್ನು ಬಿಡಬಹುದು. ನದಿಯಲ್ಲಿ ಯುಗಾಂತರಗಳಿಂದ ಬೆಳೆದ ಕುಲವು ಅಳಿದರೆ ಮತ್ತೊಂದು ನದಿಯ ಸಂತಾನವು ಅದಕ್ಕೆ ಪ್ರತಿನಿಧಿಯಾಗಲಾರದು. ಶ್ರಾದ್ಧಸಂಕಲ್ಪದಲ್ಲಿ ಗೋತ್ರನಾಮಗಳನ್ನು ಮೊದಲು ಉಚ್ಚರಿಸುವ ಈ ನಾಡಿನಲ್ಲಿ, ಜಲಚರಗಳ ರಕ್ಷಣೆಯ ಸಂಕಲ್ಪಕ್ಕೂ ಅದೇ ಕ್ರಮವು ಉಚಿತವಾದುದು.