ಋಣ, ದಿವಾಳಿ, ಬಿಡುಗಡೆ: ಸಣ್ಣ ವ್ಯಾಪಾರಿಯ ನ್ಯಾಯಮಾರ್ಗಗಳ ಒಂದು ಚಾರಿತ್ರಿಕ ಅವಲೋಕನ

‘ದಿವಾಳಿ’ ಎಂಬುದು ಪೇಟೆಯ ಪದ. ಕೈಸೋತ ವರ್ತಕನು ಹಗಲಿನಲ್ಲಿಯೇ ಅಂಗಡಿಯೊಳಗೆ ದೀಪ ಹಚ್ಚಿ ತನ್ನ ಅಸಾಮರ್ಥ್ಯವನ್ನು ಊರಿಗೆ ಸಾರುತ್ತಿದ್ದನೆಂಬ ವಿವರಣೆ ಮರಾಠಿ, ಗುಜರಾತಿ ಪೇಟೆಗಳಲ್ಲಿ ಪ್ರಚಲಿತವಾಗಿದೆ. ಹಾಗೆ ಕೈಸೋತವನಿಗೆ ನ್ಯಾಯವು ಯಾವ ಮಾರ್ಗವನ್ನು ತೆರೆದಿಟ್ಟಿತು? ಮುಂಬಯಿಯಂತಹ ನಗರಗಳಲ್ಲಿ ಹೋಟೆಲು, ಅಂಗಡಿಗಳನ್ನು ನಡೆಸಿದ ಕನ್ನಡಿಗರ ಚರಿತ್ರೆಯನ್ನು ಅಭ್ಯಸಿಸುವವರಿಗೆ ಈ ಪ್ರಶ್ನೆ ಮುಖ್ಯವಾದುದೆಂದು ಭಾವಿಸಿ ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಿದ್ದೇವೆ.

ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ್ದು ಯಾಜ್ಞವಲ್ಕ್ಯಸ್ಮೃತಿಗೆ. ಆ ಸ್ಮೃತಿಯ ಋಣಾದಾನ ಪ್ರಕರಣದಂತೆ, ನಿರ್ಗತಿಕನಾದ ಋಣಿ ಕೆಳಜಾತಿಯವನಾದರೆ ದುಡಿದು ಸಾಲ ತೀರಿಸಬೇಕು. ಬ್ರಾಹ್ಮಣನಾದರೆ ಆದಾಯ ಬಂದಂತೆ ಮೆಲ್ಲನೆ ಕೊಡಬಹುದು. ಕಂತಿನ ಸೌಲಭ್ಯವಿತ್ತು, ಆದರೆ ಅದು ಜಾತಿಯನ್ನು ಅನುಸರಿಸಿತ್ತು. ಸಾಲ ಮಾತ್ರ ಅಳಿಯುತ್ತಿರಲಿಲ್ಲ. ಮಗನಿಗೂ ಮೊಮ್ಮಗನಿಗೂ ಹರಿಯುತ್ತಿತ್ತು. ಬಡ್ಡಿಯು ಅಸಲನ್ನು ಮೀರಬಾರದೆಂಬ ದಾಮ್‌ದುಪ್ಪಟ್ ನಿಯಮವೊಂದೇ ಋಣಿಗೆ ಆಸರೆಯಾಗಿದ್ದು, ಮುಂಬಯಿ ಪ್ರಾಂತದ ಬ್ರಿಟಿಷ್ ನ್ಯಾಯಾಲಯಗಳೂ ಹಿಂದೂಗಳ ವಿಷಯದಲ್ಲಿ ಅದನ್ನು ಮನ್ನಿಸಿದವು.

ಸಾಲದಿಂದಲೇ ಬಿಡುಗಡೆ ಎಂಬ ಕಲ್ಪನೆ ವಸಾಹತು ಶಾಸನದೊಂದಿಗೆ ಬಂದಿತು. 1828ರ ಬ್ರಿಟಿಷ್ ಶಾಸನವು ಕಲಕತ್ತಾ, ಮದರಾಸು, ಮುಂಬಯಿಗಳಲ್ಲಿ ದಿವಾಳಿ ಋಣಿಗಳಿಗಾಗಿ ನ್ಯಾಯಾಲಯಗಳನ್ನು ಸ್ಥಾಪಿಸಿತು. 1848ರಲ್ಲಿ ಇನ್ನೊಂದು ಶಾಸನ ಬಂದಿತು. ಅನಂತರ ಈ ಮೂರು ನಗರಗಳಿಗೆ 1909ರ ಅಧಿನಿಯಮವೂ ಒಳನಾಡಿಗೆ 1920ರ ಪ್ರಾಂತೀಯ ಅಧಿನಿಯಮವೂ ರೂಪುಗೊಂಡವು. ಹೀಗಾಗಿ ಉಡುಪಿಯಲ್ಲಿಯೋ ಧಾರವಾಡದಲ್ಲಿಯೋ ಅಂಗಡಿಯಿಟ್ಟವನಿಗೆ ಜಿಲ್ಲಾ ನ್ಯಾಯಾಲಯ ಗತಿಯಾದರೆ, ಮುಂಬಯಿಗೆ ವಲಸೆ ಬಂದ ಅವನ ಬಂಧುವಿಗೆ ಉಚ್ಚ ನ್ಯಾಯಾಲಯ ಗತಿಯಾಯಿತು.

ಎರಡು ಅಧಿನಿಯಮಗಳ ಆಶಯ ಒಂದೇ. ಸಾಲವು 500 ರೂಪಾಯಿ ಮುಟ್ಟಿದ್ದರೆ, ಇಲ್ಲವೆ ಡಿಕ್ರಿಯ ಜಾರಿಯಲ್ಲಿ ಬಂಧನವೋ ಜಪ್ತಿಯೋ ಆಗಿದ್ದರೆ ಋಣಿಯೇ ಅರ್ಜಿ ಸಲ್ಲಿಸಬಹುದಿತ್ತು. ಸಾಲ ಕೊಟ್ಟವರೊಡನೆ ರಾಜಿಯ ಯೋಜನೆಗೂ ಅವಕಾಶವಿತ್ತು. ಆಸ್ತಿಯನ್ನು ಒಪ್ಪಿಸಿ ಪ್ರಾಮಾಣಿಕವಾಗಿ ನಡೆದುಕೊಂಡವನಿಗೆ ನ್ಯಾಯಾಲಯ ವಿಮೋಚನೆ ನೀಡುತ್ತಿತ್ತು. ಸರಕಾರದ ಬಾಕಿ, ವಂಚನೆಯಿಂದಾದ ಸಾಲಗಳು ಮಾತ್ರ ಉಳಿಯುತ್ತಿದ್ದವು. 1909ರ ಮೂಲಪಾಠವು ಕಸುಬಿನ ಉಪಕರಣ, ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆಗಳನ್ನು ಒಟ್ಟು 300 ರೂಪಾಯಿಯವರೆಗೆ ಋಣಿಗೇ ಬಿಟ್ಟಿತು. ಮರಳಿ ದುಡಿಯಲು ಇಷ್ಟಾದರೂ ಬೇಕೆಂಬ ವಿವೇಕ ಇಲ್ಲಿ ಕಾಣುತ್ತದೆ.

ಬಂಧನದ ಭಯವೂ ಕ್ರಮೇಣ ತಗ್ಗಿತು. 1936ರ ತಿದ್ದುಪಡಿ ಪ್ರಾಮಾಣಿಕ ಋಣಿಯನ್ನು ಸೆರೆಯಿಂದ ರಕ್ಷಿಸಲು ಯತ್ನಿಸಿತು. ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ (1980) ಸರ್ವೋಚ್ಚ ನ್ಯಾಯಾಲಯವು, ದುರುದ್ದೇಶವಿಲ್ಲದ ಬಡತನಕ್ಕೆ ಸೆರೆ ಸಲ್ಲದೆಂದು ಸ್ಪಷ್ಟಪಡಿಸಿತು.

2016ರ ದಿವಾಳಿ ಸಂಹಿತೆಯು ಇವೆಲ್ಲವನ್ನೂ ಒಂದೇ ಸೂರಿನಡಿ ತರಲು ಉದ್ದೇಶಿಸಿತು. ಆದರೆ ವ್ಯಕ್ತಿಗಳಿಗೂ ಪಾಲುದಾರಿಕೆಗಳಿಗೂ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಂದು ಜಾರಿಗೆ ಬಂದುದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಸಣ್ಣ ಉದ್ದಿಮೆಗಳಿಗೆಂದು 2021ರಲ್ಲಿ ರೂಪಿಸಿದ ಪೂರ್ವಸಿದ್ಧ ಪರಿಹಾರಕ್ರಮವೂ ಕಂಪನಿ ಮುಂತಾದ ನೋಂದಾಯಿತ ರೂಪದವುಗಳಿಗೇ ಮೀಸಲಾಯಿತು. ತನ್ನ ಹೆಸರಿನಲ್ಲಿಯೇ ಅಂಗಡಿ ನಡೆಸಿ, ಮನೆಮಠವನ್ನೂ ಸಾಲಕ್ಕೆ ಒಡ್ಡಿದ ವ್ಯಾಪಾರಿಯನ್ನು ಈ ಸುಧಾರಣೆಗಳು 1909, 1920ರ ಹಳೆಯ ಅಧಿನಿಯಮಗಳ ಆಶ್ರಯದಲ್ಲಿಯೇ ಉಳಿಸಿದವು. ಜಾತಿಯ ಬದಲು ಈಗ ಉದ್ದಿಮೆಯ ರೂಪವು ಪರಿಹಾರದ ಅಳತೆಗೋಲಾಯಿತೆಂದು ನಮಗೆ ತೋರುತ್ತದೆ.

ಸಂಶೋಧಕರಿಗೆ ಒಂದು ಸೂಚನೆ. 1920ರ ಅಧಿನಿಯಮದಂತೆ ಋಣಿಯ ಅರ್ಜಿಯಲ್ಲಿ ಅವನ ವ್ಯಾಪಾರದ ಸ್ಥಳ, ಆಸ್ತಿಯ ವಿವರ, ಸಾಲ ಕೊಟ್ಟವರ ಹೆಸರು, ವಾಸಸ್ಥಳಗಳು ಇರಲೇಬೇಕು. ಯಾರು ಯಾರನ್ನು ನಂಬಿ ಹಣ ಕೊಟ್ಟರೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ವಿರಳ. ಗೆದ್ದವರ ಕಥೆ ಸ್ಮರಣ ಸಂಚಿಕೆಗಳಲ್ಲಿ ದೊರೆಯುತ್ತದೆ. ಸೋತವರ ಚರಿತ್ರೆಯನ್ನು ನ್ಯಾಯಾಲಯದ ಕಡತಗಳಲ್ಲಿ ಅರಸಬೇಕಾಗಿದೆ.