ಲಾಘವದ ಲೆಕ್ಕ: ಆಜುರಿಕೆಯ ಸೋಮದೇವ

ಕೋವಾಡವಿರುವ ಚಂದಗಡ ತಾಲೂಕು 1956ರವರೆಗೆ ಬೆಳಗಾವಿ ಜಿಲ್ಲೆಯಲ್ಲಿತ್ತು. ಹೀಗಾಗಿ ಈ ಸೀಮೆಯ ಚರ್ಚೆ ಬಹುಮಟ್ಟಿಗೆ ಗಡಿಯ ಸುತ್ತಲೇ ಸುತ್ತುತ್ತದೆ. ಮಾತನ್ನು ಎಷ್ಟು ಕಡಿಮೆ ಮಾಡಬಹುದೆಂಬ ಹಳೆಯ ಪ್ರಶ್ನೆಗೂ ಈ ಸೀಮೆಗೂ ನಂಟಿದೆ. ಕೊಲ್ಲಾಪುರದ ಶಿಲಾಹಾರ ಇಮ್ಮಡಿ ಭೋಜನ ಕಾಲದಲ್ಲಿ, ಶಕ 1127ರಲ್ಲಿ (ಕ್ರಿ.ಶ. 1205), ಸೋಮದೇವನೆಂಬ ಜೈನ ಯತಿ ನೆರೆಯ ಆಜುರಿಕೆಯಲ್ಲಿ, ಎಂದರೆ ಇಂದಿನ ಆಜರೆಯಲ್ಲಿ, 'ಶಬ್ದಾರ್ಣವಚಂದ್ರಿಕೆ'ಯನ್ನು ಬರೆದನು. ಬರೆದ ಸ್ಥಳ ಭೋಜನ ಅಜ್ಜ ಗಂಡರಾದಿತ್ಯ ಕಟ್ಟಿಸಿದ ತ್ರಿಭುವನತಿಲಕ ಜಿನಾಲಯ. ಗ್ರಂಥವು ಜೈನೇಂದ್ರ ವ್ಯಾಕರಣದ ವೃತ್ತಿ.

ಕನ್ನಡನಾಡಿನ ಪೂಜ್ಯಪಾದ ದೇವನಂದಿಯ ಜೈನೇಂದ್ರದಷ್ಟು ಅಕ್ಷರಜಿಪುಣ ವ್ಯಾಕರಣ ವಿರಳ. ಪಾಣಿನಿಯ ಎಂಟು ಅಧ್ಯಾಯಗಳು ಇಲ್ಲಿ ಐದಾದವು. ಸುಮಾರು 4000 ಸೂತ್ರಗಳು ಸುಮಾರು 3000ಕ್ಕೆ ಇಳಿದವು. ಪ್ರತ್ಯಯಕ್ಕೆ 'ತ್ಯ', ಧಾತುವಿಗೆ 'ಧು', ಸಮಾಸಕ್ಕೆ 'ಸ', ಬಹುವ್ರೀಹಿಗೆ 'ಬ'. 'ವಿಭಕ್ತೀ' ಎಂಬ ಪದವನ್ನೇ ಒಡೆದು, ವ್ಯಂಜನಕ್ಕೆ ಆಕಾರವನ್ನೂ ಸ್ವರಕ್ಕೆ ಪಕಾರವನ್ನೂ ಕೂಡಿಸಿ, ಏಳು ವಿಭಕ್ತಿಗಳಿಗೆ ವಾ, ಇಪ್, ಭಾ, ಅಪ್, ಕಾ, ತಾ, ಈಪ್ ಎಂದು ಹೆಸರಿಟ್ಟನು. ಜಾಣ್ಮೆ ಮೆಚ್ಚತಕ್ಕದ್ದೇ, ಉಳಿತಾಯ ಮಾತ್ರ ಮೇಲುಮೇಲಿನದು. 'ಬಹುವ್ರೀಹಿ' ಎಂಬ ಪದ ತಾನೇ ಆ ಸಮಾಸಕ್ಕೆ ಉದಾಹರಣೆ. 'ಬ' ಏನನ್ನೂ ತಿಳಿಸದು. ಸೂತ್ರಕಾರ ಉಳಿಸಿದ ಅಕ್ಷರಗಳನ್ನು ಓದುಗನೂ ವೃತ್ತಿಕಾರನೂ ತೆರಬೇಕಾಯಿತು. ಅಭಯನಂದಿ ಬರೆದ ವ್ಯಾಖ್ಯಾನದ ಹೆಸರೇ 'ಮಹಾವೃತ್ತಿ'.

ದೇವನಂದಿಯ ಇನ್ನೊಂದು ಉಳಿತಾಯ ಬೇರೆ ಬಗೆಯದು. ಒಂದೇ ರೂಪದ ಪದಗಳು ಒಂದೇ ವಿಭಕ್ತಿಯಲ್ಲಿ ಕೂಡಿದಾಗ ಒಂದು ಮಾತ್ರ ಉಳಿಯುವುದೆಂದು ಪಾಣಿನಿ ವಿಧಿಸಿದ್ದನು. ಇದು 'ಏಕಶೇಷ'. 'ಮರವೂ ಮರವೂ ಮರವೂ' ಎನ್ನದೆ 'ಮರಗಳು' ಎನ್ನುವ ಹಾಗೆ. ಮಾತು ಸಹಜವಾಗಿಯೇ ಆ ಅರ್ಥವನ್ನು ಕೊಡುವಾಗ ವಿಧಿ ಏಕೆ ಎಂಬುದು ದೇವನಂದಿಯ ನಿಲುವು. ಪುನರುಕ್ತಿಯನ್ನು ತಡೆಯುವ ಪ್ರಕರಣವನ್ನೇ ಅನಗತ್ಯವೆಂದು ಬಿಟ್ಟನು; ಇದರಿಂದ ಯಾರ ಮೇಲೂ ಹೊರೆ ಬೀಳಲಿಲ್ಲ. ಆತನ ವ್ಯಾಕರಣಕ್ಕೆ 'ಅನೇಕಶೇಷ'ವೆಂಬ ವಿಶೇಷಣವೂ ಬಂದಿತು. (ಸಂಸ್ಕೃತ 'ಪಿತರೌ' ಎಂದು ತಾಯಿಯನ್ನು ತಂದೆಯೊಳಗೆ ಅಡಗಿಸುತ್ತದೆ, ಕನ್ನಡ 'ತಾಯಿತಂದೆ' ಎಂದು ಇಬ್ಬರನ್ನೂ ಹೆಸರಿಸುತ್ತದೆ. ಅಲ್ಲಿ ಎರಡನೆಯ ಪದ ಹೆಚ್ಚಿನದಲ್ಲ.)

ಆಜುರಿಕೆಯಲ್ಲಿ ಸೋಮದೇವನ ಮುಂದಿದ್ದುದು ಗುಣನಂದಿ ಪರಿಷ್ಕರಿಸಿದ 'ಶಬ್ದಾರ್ಣವ' ಪಾಠ. ಅದರಲ್ಲಿ ಸೂತ್ರಗಳು ಸುಮಾರು 3700ಕ್ಕೆ ಏರಿದ್ದವು. ಏಕಶೇಷವೂ ಮರಳಿ ಬಂದಿತ್ತು. ಎರಡು ಪಾಠಗಳಲ್ಲಿ ದೇವನಂದಿಯದು ಯಾವುದೆಂಬ ಚರ್ಚೆ ಇಪ್ಪತ್ತನೆಯ ಶತಮಾನದಲ್ಲಿ ಎದ್ದಾಗ, ಅಭಯನಂದಿಯ ಪಾಠವೇ ಮೂಲವೆಂದು ನಾಥೂರಾಮ ಪ್ರೇಮಿ ವಾದಿಸಿದರು. ಅವರು ಮುಂದಿಟ್ಟ ಆಧಾರಗಳಲ್ಲಿ ಒಂದು, ಅದರಲ್ಲಿ ಏಕಶೇಷ ಪ್ರಕರಣವಿಲ್ಲ ಎಂಬುದು.